ಇಲಿ ಪಾಷಾಣ ಕಿರಾಣಿ ಅಂಗಡಿಯಿಂದ ಹೊರಗೆ ಹೋಗಲಿ

ಪ್ರಶ್ನೆ: ನಮ್ಮದು ಆಳಂದ ತಾಲ್ಲೂಕಿನ ಎರೆಭೂಮಿ. ತೊಗರಿ, ಹಿಂಗಾರಿ ಜೋಳ, ಸ್ವಲ್ಪ ಕಡಲೆ ಬೆಳೆಯುತ್ತೇವೆ. ಇಲಿ ಕಾಟ ತಾಳಲಾರದೆ ಊರವರೆಲ್ಲ ಅಂಗಡಿಯಿಂದ ಪಾಷಾಣ ತಂದು ಹಾಕುತ್ತೇವೆ. ಹೊಲಕ್ಕೆ ಕೆಲವರು ಕರಿ ಪುಡಿ, ಕೆಲವರು ನೀಲಿ ಬಿಲ್ಲೆ. ಮನೆಯಲ್ಲಿ ಟ್ಯೂಬಿನ ಪೇಸ್ಟ್. ಹೋದ ತಿಂಗಳು ನಮ್ಮ ಬೇವಿನ ಮರದ ಕೆಳಗೆ ಮುಖ ಬೆಳ್ಳಗಿನ ದೊಡ್ಡ ಗೂಬೆಯೊಂದು ಸತ್ತು ಬಿದ್ದಿತ್ತು. ಗಾಯ ಇರಲಿಲ್ಲ, ಕೊಕ್ಕಿನ ಹತ್ತಿರ ರಕ್ತದ ಕಲೆ ಇತ್ತು. ಅದೇ ವಾರ ಪಕ್ಕದ ಹೊಲದವರ ನಾಯಿ ಸಂಜೆ ವಾಂತಿ ಶುರುಮಾಡಿ ಬೆಳಗಾಗುವಷ್ಟರಲ್ಲಿ ಸತ್ತಿತು. ಅಮೆರಿಕದಲ್ಲಿ ಇಲಿ ಪಾಷಾಣ ನಿಷೇಧಿಸಿದ್ದಾರಂತೆ ಎಂದು ಮಗ ಹೇಳುತ್ತಾನೆ. ನಮ್ಮಲ್ಲೂ ನಿಷೇಧ ಬೇಕೆ? ಬಂದರೆ ತೊಗರಿ ಉಳಿಸಿಕೊಳ್ಳುವುದು ಹೇಗೆ? ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆ, ಅದೂ ಚಿಂತೆ.

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಬೇರೆ ಬೇರೆ ವಿಷಗಳಿವೆ. ಕರಿ ಪುಡಿ ಎಂದರೆ ಜಿಂಕ್ ಫಾಸ್ಫೈಡ್. ನೀಲಿ ಬಿಲ್ಲೆ ಬಹುಮಟ್ಟಿಗೆ ಬ್ರೊಮಾಡಿಯೊಲೋನ್. ಟ್ಯೂಬಿನ ಪೇಸ್ಟ್ ಹಳದಿ ರಂಜಕ. ಊರಲ್ಲಿ ಮೂರಕ್ಕೂ ಇಲಿ ಪಾಷಾಣ ಎಂದೇ ಹೆಸರು, ಆದರೆ ಒಂದೊಂದು ಕೊಲ್ಲುವ ರೀತಿ ಬೇರೆ, ಇಲಿಯನ್ನು ಬಿಟ್ಟು ಇನ್ನು ಯಾರನ್ನು ಕೊಲ್ಲುತ್ತದೆ ಎನ್ನುವುದೂ ಬೇರೆ. ಆದ್ದರಿಂದ ನಿಷೇಧ ಬೇಕೆ ಎಂಬ ಪ್ರಶ್ನೆಗೂ ಒಂದೇ ಉತ್ತರ ಸಾಲದು. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಪೇಸ್ಟ್ ಪೂರ್ತಿ ನಿಲ್ಲಬೇಕು, ಬಿಲ್ಲೆ ಹೊಲಕ್ಕೆ ಹೋಗಬಾರದು, ಪುಡಿ ಒಬ್ಬೊಬ್ಬರ ಕೈಗೆ ಬಿಡಿಯಾಗಿ ಸಿಗಬಾರದು. ಇದರಿಂದ ನಿಮ್ಮ ತೊಗರಿಗೆ ನಷ್ಟವಿಲ್ಲ. ಯಾಕೆಂದು ಮುಂದೆ ಹೇಳುತ್ತೇನೆ.

ಮೊದಲು ಗೂಬೆ. ನೀವು ನೋಡಿದ್ದು ಕಣಜ ಗೂಬೆ ಇರಬೇಕು, ಹೃದಯದ ಆಕಾರದ ಬಿಳಿ ಮುಖದ್ದು. ಗಾಯವಿಲ್ಲದೆ ಕೊಕ್ಕಿನಿಂದ ರಕ್ತ ಬಂದಿದ್ದರೆ ಬಿಲ್ಲೆಯ ಮೇಲೆ ಅನುಮಾನ ಹೋಗುತ್ತದೆ. ಯಕೃತ್ತನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸದೆ ಖಚಿತವಾಗಿ ಹೇಳಲು ಬರುವುದಿಲ್ಲ. ವಾಹನಕ್ಕೋ ಕರೆಂಟಿಗೋ ಸಿಕ್ಕ ಹಕ್ಕಿಗೂ ಕೆಲವೊಮ್ಮೆ ಹೊರಗೆ ಗಾಯ ಕಾಣುವುದಿಲ್ಲ. ನಾಯಿಯದು ಬೇರೆ ಕಥೆ. ಬಿಲ್ಲೆ ತಿಂದ ನಾಯಿ ಅದೇ ರಾತ್ರಿ ಸಾಯುವುದಿಲ್ಲ, ಅದಕ್ಕೆ ಮೂರು ದಿನವಾದರೂ ಬೇಕು. ಸಂಜೆ ವಾಂತಿ, ಬೆಳಗ್ಗೆ ಸಾವು ಎಂದರೆ ಕರಿ ಪುಡಿಯ ಲಕ್ಷಣ. ವಾಂತಿಗೆ ಬೆಳ್ಳುಳ್ಳಿ ವಾಸನೆ ಇತ್ತೇ ಎಂದು ನಾಯಿಯ ಯಜಮಾನರನ್ನು ಕೇಳಿ ನೋಡಿ. ಇತ್ತು ಎಂದರೆ ಅನುಮಾನ ಬಹಳ ಮಟ್ಟಿಗೆ ಗಟ್ಟಿಯಾಗುತ್ತದೆ.

ಬಿಲ್ಲೆ ಕೆಲಸ ಮಾಡುವ ಬಗೆ ತಿಳಿದರೆ ಉಳಿದದ್ದು ತಾನಾಗಿ ಅರ್ಥವಾಗುತ್ತದೆ. ಗಾಯವಾದಾಗ ರಕ್ತ ಹೆಪ್ಪುಗಟ್ಟಲು ಬೇಕಾದ ಕೆಲವು ಪ್ರೋಟೀನುಗಳನ್ನು ಯಕೃತ್ತು ತಯಾರಿಸುತ್ತದೆ, ಅದಕ್ಕೆ ವಿಟಮಿನ್ ಕೆ ಬೇಕು. ದೇಹ ಆ ವಿಟಮಿನ್ನನ್ನು ಒಮ್ಮೆ ಬಳಸಿ ಎಸೆಯುವುದಿಲ್ಲ, ಮತ್ತೆ ಮತ್ತೆ ಸರಿಪಡಿಸಿ ಬಳಸುತ್ತದೆ. ಬ್ರೊಮಾಡಿಯೊಲೋನ್ ಈ ಸರಿಪಡಿಸುವ ಕೆಲಸವನ್ನೇ ನಿಲ್ಲಿಸುತ್ತದೆ. ಹೃದಯದ ಕವಾಟ ಬದಲಿಸಿಕೊಂಡವರಿಗೆ ರಕ್ತ ತೆಳುವಾಗಲೆಂದು ಕೊಡುವ ವಾರ್ಫರಿನ್, ಅಸಿಟ್ರಾಮ್ ಗುಳಿಗೆಗಳು ಇದೇ ವಂಶದವು. ವಾರ್ಫರಿನ್ ಮಾರುಕಟ್ಟೆಗೆ ಬಂದದ್ದೇ 1948ರಲ್ಲಿ, ಇಲಿ ಪಾಷಾಣವಾಗಿ. ಮನುಷ್ಯರಿಗೆ ಔಷಧಿಯಾದದ್ದು ಆಮೇಲೆ. ಕ್ರಮೇಣ ವಾರ್ಫರಿನ್ನಿಗೆ ಬಗ್ಗದ ಇಲಿಗಳು ಹುಟ್ಟಿಕೊಂಡವು. ಅವಕ್ಕೆಂದು ಮಾಡಿದ ಎರಡನೇ ತಲೆಮಾರಿನ ವಿಷಗಳಲ್ಲಿ ಬ್ರೊಮಾಡಿಯೊಲೋನ್ ಒಂದು, ಬ್ರೊಡಿಫಾಕಮ್ ಇನ್ನೊಂದು.

ನಮ್ಮಲ್ಲಿ ಸಿಗುವ ಸಿದ್ಧ ಬಿಲ್ಲೆಯಲ್ಲಿ ವಿಷ ಇರುವುದು 0.005 ಶೇಕಡಾ ಮಾತ್ರ. ಇಷ್ಟು ಕಡಿಮೆ ಇದ್ದರೆ ಗೂಬೆಗೆ ಏನಾದೀತು ಎಂದು ಅಂಗಡಿಯವರು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಇಲಿ ಇಂದು ರಾತ್ರಿ ಬಿಲ್ಲೆ ತಿಂದರೂ ನಾಳೆ ಅದಕ್ಕೆ ಏನೂ ಆಗಿರುವುದಿಲ್ಲ, ಏಕೆಂದರೆ ಮೊದಲೇ ತಯಾರಾದ ಪ್ರೋಟೀನು ಎರಡು ಮೂರು ದಿನಕ್ಕೆ ಸಾಲುತ್ತದೆ. ನಾಳೆಯೂ ಬಂದು ತಿನ್ನುತ್ತದೆ, ನಾಡಿದ್ದೂ ತಿನ್ನುತ್ತದೆ. ಸಾಯುವ ಹೊತ್ತಿಗೆ ಅದರ ಹೊಟ್ಟೆಯಲ್ಲಿ, ಯಕೃತ್ತಿನಲ್ಲಿ ತನ್ನನ್ನು ಕೊಲ್ಲಲು ಬೇಕಾದದ್ದಕ್ಕಿಂತ ಎಷ್ಟೋ ಪಾಲು ಹೆಚ್ಚು ವಿಷ ಕೂಡಿರುತ್ತದೆ. ಕೊನೆಯ ಒಂದೆರಡು ದಿನ ಒಳಗೊಳಗೇ ರಕ್ತ ಸೋರಿ ಇಲಿ ಮಂಕಾಗುತ್ತದೆ. ಗೋಡೆ ಅಂಚು, ಬಿಲದ ಬಾಯಿ ಬಿಟ್ಟು ಬಯಲಿನಲ್ಲಿ ಹಗಲಲ್ಲೇ ತೂರಾಡುತ್ತಾ ಓಡಾಡುತ್ತದೆ. ಗೂಬೆ, ಗಿಡುಗ, ಕಾಡುಬೆಕ್ಕು ಹಿಡಿಯುವುದು ಅಂಥದ್ದನ್ನೇ, ಸುಲಭದ ಬೇಟೆ. ಗೂಬೆ ಇಲಿಯನ್ನು ಇಡಿಯಾಗಿ ನುಂಗುತ್ತದೆ, ಯಕೃತ್ತೂ ಸೇರಿ. ಈ ವಿಷ ಯಕೃತ್ತಿನಲ್ಲಿ ತಿಂಗಳುಗಟ್ಟಲೆ ಉಳಿಯುವುದರಿಂದ ಕಾರ್ತೀಕದಲ್ಲಿ ನುಂಗಿದ ಇಲಿಯ ಪಾಲಿಗೆ ಮಾಘದ ಇಲಿಯ ಪಾಲು ಸೇರುತ್ತದೆ. ಒಂದು ಇಲಿಯಿಂದ ಸಾಯದ ಗೂಬೆ ಹತ್ತನೆಯದರಿಂದ ಸಾಯಬಹುದು. ಸಾಯದಿದ್ದರೂ ಸಣ್ಣ ತರಚು ಗಾಯಕ್ಕೇ ರಕ್ತ ನಿಲ್ಲದ ಸ್ಥಿತಿ ಬರುತ್ತದೆ.

ಬ್ರಿಟನ್ನಿನಲ್ಲಿ ಸತ್ತು ಸಿಕ್ಕ ಕಣಜ ಗೂಬೆಗಳ ಯಕೃತ್ತನ್ನು ಹಲವು ವರ್ಷಗಳಿಂದ ಪರೀಕ್ಷಿಸುತ್ತಾ ಬಂದಿದ್ದಾರೆ. ಹತ್ತರಲ್ಲಿ ಸುಮಾರು ಎಂಟು ಹಕ್ಕಿಗಳಲ್ಲಿ ಈ ಬಗೆಯ ವಿಷದ ಅಂಶ ಸಿಗುತ್ತದೆ. ಅವೆಲ್ಲ ವಿಷದಿಂದಲೇ ಸತ್ತವಲ್ಲ, ಆದರೆ ಅಷ್ಟರ ಮೈಯಲ್ಲೂ ಅದು ಸೇರಿತ್ತು. ಲಾಸ್ ಏಂಜಲೀಸ್ ನಗರದ ಗ್ರಿಫಿತ್ ಪಾರ್ಕಿನಲ್ಲಿದ್ದ ಪಿ-22 ಎಂಬ ಬೆಟ್ಟದ ಸಿಂಹ (ಪೂಮಾ ಎಂಬ ದೊಡ್ಡ ಕಾಡುಬೆಕ್ಕು) 2014ರಲ್ಲಿ ಕಜ್ಜಿ ಹಿಡಿದು ಸೊರಗಿದಾಗ ಅದರ ರಕ್ತದಲ್ಲೂ ಇಲಿ ಪಾಷಾಣ ಸಿಕ್ಕಿತ್ತು. ಆ ಪ್ರಾಣಿ ಬಿಲ್ಲೆ ಹುಡುಕಿಕೊಂಡು ಹೋಗಿರಲಿಲ್ಲ ಅನ್ನುವುದನ್ನು ಹೇಳಬೇಕಿಲ್ಲ.

ನಿಮ್ಮ ಮಗ ಹೇಳಿದ್ದು ಅರ್ಧ ಸರಿ. ಅಮೆರಿಕ ಇಡೀ ದೇಶದಲ್ಲಿ ನಿಷೇಧಿಸಿಲ್ಲ. ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ 2008ರಲ್ಲಿ ಎರಡನೇ ತಲೆಮಾರಿನ ವಿಷಗಳನ್ನು ಸಾಮಾನ್ಯ ಗ್ರಾಹಕರಿಗೆ ಮಾರುವಂತಿಲ್ಲ, ಮನೆಬಳಕೆಯ ಇಲಿ ಪಾಷಾಣ ಮಕ್ಕಳು ತೆರೆಯಲಾಗದ ಪೆಟ್ಟಿಗೆಯೊಳಗೇ ಇರಬೇಕು ಎಂದು ತೀರ್ಮಾನಿಸಿತು. ಕ್ಯಾಲಿಫೋರ್ನಿಯಾ ರಾಜ್ಯ ಇನ್ನೂ ಮುಂದೆ ಹೋಗಿ 2020ರಲ್ಲಿ ಕಾನೂನು ಮಾಡಿ, 2021ರ ಜನವರಿ 1ರಿಂದ ಈ ಗುಂಪಿನ ನಾಲ್ಕು ವಿಷಗಳ ಬಹುಪಾಲು ಬಳಕೆಯನ್ನು ನಿಲ್ಲಿಸಿತು. ಕೆನಡಾದ ಬ್ರಿಟಿಷ್ ಕೊಲಂಬಿಯಾ 2021ರ ಜುಲೈಯಲ್ಲಿ ತಾತ್ಕಾಲಿಕವಾಗಿ ತಡೆದು, 2023ರ ಜನವರಿಯಿಂದ ಅದನ್ನು ಕಾಯಂ ಮಾಡಿತು. ಎರಡೂ ಕಡೆ ಕೃಷಿ, ಆಹಾರ ದಾಸ್ತಾನು, ಸಾರ್ವಜನಿಕ ಆರೋಗ್ಯದಂಥ ಕೆಲಸಗಳಿಗೆ ವಿನಾಯಿತಿ ಇಟ್ಟಿದ್ದಾರೆ. ನಿಷೇಧ ಎಂದ ಕೂಡಲೇ ರೈತರ ಹೊಟ್ಟೆಯ ಮೇಲೆ ಹೊಡೆಯುತ್ತಾರೆ ಎಂದು ಹೆದರುವ ಅಗತ್ಯವಿಲ್ಲ ಎನ್ನಲು ಇದನ್ನು ಹೇಳಿದೆ.

ನಮ್ಮ ಭಾಗಕ್ಕೆ ಬಂದರೆ, ಕಲಬುರಗಿ, ಬೀದರ್, ಯಾದಗಿರಿಯ ಬಯಲು ಇಲಿ ತಿನ್ನುವ ಪ್ರಾಣಿಗಳ ನೆಲ. ಕಣಜ ಗೂಬೆ, ಹಾಲಕ್ಕಿ, ಕಪ್ಪು ರೆಕ್ಕೆಯ ಗಿಡುಗ, ಚಳಿಗಾಲಕ್ಕೆ ಮಧ್ಯ ಏಷ್ಯಾ ಕಡೆಯಿಂದ ಬರುವ ಹ್ಯಾರಿಯರ್ ಗಿಡುಗಗಳು, ನರಿ, ಕಾಡುಬೆಕ್ಕು, ಮುಂಗುಸಿ, ಕೇರೆ ಹಾವು. ಚಿಂಚೋಳಿಯ ವನ್ಯಜೀವಿ ಧಾಮದ ಗಡಿಯೊಳಗೆ ಇವುಗಳಿಗೆ ಕಾವಲಿದೆ, ಸರಿ. ಆದರೆ ಇಲಿ ಇರುವುದು ತೊಗರಿ ಹೊಲದಲ್ಲಿ, ಆದ್ದರಿಂದ ಅವೂ ರಾತ್ರಿ ಇರುವುದು ತೊಗರಿ ಹೊಲದಲ್ಲೇ. ಒಂದು ಕಣಜ ಗೂಬೆ ಒಂದು ರಾತ್ರಿಗೆ ಮೂರ್ನಾಲ್ಕು ಇಲಿ ತಿನ್ನುತ್ತದೆ, ಮರಿ ಇದ್ದಾಗ ಇನ್ನೂ ಹೆಚ್ಚು ಹಿಡಿದು ತರುತ್ತದೆ. ಇಲಿಗೆ ಗರ್ಭ ಮೂರು ವಾರ, ಒಂದು ಸೂಲಿಗೆ ಆರೇಳು ಮರಿ. ಗೂಬೆ ವರ್ಷಕ್ಕೆ ಒಮ್ಮೆ, ಹೆಚ್ಚೆಂದರೆ ಎರಡು ಸಲ ಮರಿ ಮಾಡುತ್ತದೆ. ಇಬ್ಬರಿಗೂ ಒಂದೇ ವಿಷ ಹಾಕಿದರೆ ಯಾರ ಸಂಖ್ಯೆ ಮೊದಲು ಮೇಲೇಳುತ್ತದೆ ಎಂದು ಲೆಕ್ಕ ಹಾಕಿ. ಬಿಲ್ಲೆ ಹಾಕಿದ ಮರು ವರ್ಷ ಇಲಿ ಜಾಸ್ತಿಯಾಯಿತು ಎಂಬ ದೂರಿಗೆ ಬೇರೆ ಕಾರಣಗಳೂ ಇರಬಹುದು, ಇದೂ ಒಂದು.

ಇನ್ನು ಕರಿ ಪುಡಿ. ಜಿಂಕ್ ಫಾಸ್ಫೈಡ್ ಹೊಟ್ಟೆಯ ಆಮ್ಲದ ಜೊತೆ ಸೇರಿ ಫಾಸ್ಫೀನ್ ಎಂಬ ಅನಿಲ ಬಿಡುತ್ತದೆ. ಇಲಿ ಸಾಯುವುದು ಆ ಅನಿಲದಿಂದ. ಕೆಲವೇ ಗಂಟೆಗಳಲ್ಲಿ ಕೊಲ್ಲುತ್ತದೆ, ಯಕೃತ್ತಿನಲ್ಲಿ ತಿಂಗಳುಗಟ್ಟಲೆ ಕೂರುವುದಿಲ್ಲ. ಸತ್ತ ಇಲಿ ತಿಂದ ಗೂಬೆಗೆ ಅಪಾಯ ಬಿಲ್ಲೆಗಿಂತ ಕಡಿಮೆ. ಆದರೆ ಕಾಳಿಗೆ ಕಲಸಿ ಬದುವಿನ ಮೇಲೆ ಚೆಲ್ಲಿದಾಗ ಅದನ್ನು ಮೊದಲು ಕಾಣುವುದು ಇಲಿಯಲ್ಲ, ನವಿಲು, ಗೌಜುಗ, ಪಾರಿವಾಳ, ಗಿಳಿ. ಭಜಿಯಲ್ಲೋ ರೊಟ್ಟಿ ಚೂರಿನಲ್ಲೋ ಇಟ್ಟರೆ ನಾಯಿ. ಪಕ್ಕದವರ ನಾಯಿಗೆ ಆದದ್ದು ಹೀಗೇ ಇರಬಹುದು. ಎಳ್ಳಮಾಸಿ (ಡಿಸೆಂಬರ್-ಜನವರಿಯ ಎಳ್ಳು ಅಮಾವಾಸ್ಯೆ) ಹೊತ್ತಿಗೆ ಇದು ಇನ್ನಷ್ಟು ಅಪಾಯ: ಮನೆಮಂದಿಯೆಲ್ಲ ಹೊಲದಲ್ಲಿ ಭೂತಾಯಿಗೆ ಚರಗದ ನೈವೇದ್ಯ ಚೆಲ್ಲಿ ಊಟಕ್ಕೆ ಕೂತಿರುತ್ತಾರೆ, ಮಕ್ಕಳು ಬದುವಿನ ಮೇಲೆ ಓಡಾಡುತ್ತಿರುತ್ತಾರೆ, ಹೋದ ವಾರ ಚೆಲ್ಲಿದ ಕಾಳು ಅಲ್ಲೇ ಬಿದ್ದಿರುತ್ತದೆ.

ಇನ್ನೊಂದು ದೋಷ ರೈತರಿಗೆ ಗೊತ್ತಿದೆ, ಆದರೆ ಕಾರಣ ಗೊತ್ತಿಲ್ಲ. ಮೊದಲ ದಿನ ಇಲಿ ಬಿದ್ದವು, ಆಮೇಲೆ ಮುಟ್ಟಲೇ ಇಲ್ಲ, ಪಾಷಾಣ ಡೂಪ್ಲಿಕೇಟ್ ಇರಬೇಕು ಎನ್ನುತ್ತಾರೆ. ಡೂಪ್ಲಿಕೇಟ್ ಅಲ್ಲ. ಇಲಿ ಹೊಸ ತಿನಿಸನ್ನು ಮೊದಲು ಚೂರೇ ಚೂರು ತಿಂದು ನೋಡುತ್ತದೆ. ಸಾಯುವಷ್ಟು ತಿನ್ನದೆ ಹೊಟ್ಟೆನೋವು ಬಂತೋ, ಆ ತಿನಿಸನ್ನು ಎಷ್ಟೋ ದಿನ ಮತ್ತೆ ಮೂಸುವುದಿಲ್ಲ. ಅದಕ್ಕೇ ವಿಷವಿಲ್ಲದ ಅದೇ ಕಾಳನ್ನು ಎರಡು ಮೂರು ದಿನ ಮೊದಲೇ ತಿನ್ನಿಸಿ ರೂಢಿ ಮಾಡಿ, ಆಮೇಲೆ ವಿಷದ ಕಾಳನ್ನು ಒಂದೇ ಸಲ, ಬಿಲದ ಒಳಗೆ ಇಡಬೇಕು. ಅಂಗಡಿಯಿಂದ ಪೊಟ್ಟಣ ತಂದು ಅದೇ ಸಂಜೆ ಕಲಸಿ ಹಾಕುವವರಲ್ಲಿ ಈ ತಾಳ್ಮೆ ನಾನು ಕಂಡದ್ದು ಕಡಿಮೆ. ಅಡುಗೆಮನೆಯ ಬುಟ್ಟಿಯಲ್ಲಿ ಬರಿಗೈಯಲ್ಲಿ ಕಲಸುವುದನ್ನೂ ಕಂಡಿದ್ದೇನೆ. ಆ ಬುಟ್ಟಿ ಮರುದಿನ ತೊಳೆದು ಮತ್ತೆ ಅಡುಗೆಗೇ ಬರುತ್ತದೆ. ಈ ಪುಡಿ ಬಿಡಿಯಾಗಿ ಮಾರಾಟವಾಗಬಾರದು, ರೈತ ಸಂಪರ್ಕ ಕೇಂದ್ರದ ಮೂಲಕ, ತರಬೇತಿ ಪಡೆದವರೇ ಕಲಸಿ, ಊರೊಟ್ಟಿನ ಒಂದು ದಿನದ ಕೆಲಸಕ್ಕೆ ಮಾತ್ರ ಸಿಗಬೇಕು ಎನ್ನುವುದು ಇದಕ್ಕೆ.

ಪೇಸ್ಟಿನ ಬಗ್ಗೆ ನನಗೆ ಎರಡು ಮನಸ್ಸಿಲ್ಲ. ಹಳದಿ ರಂಜಕದ ಪೇಸ್ಟ್ ಇಲಿಗಿಂತ ಹೆಚ್ಚಾಗಿ ಮನುಷ್ಯರ ವಿಷವಾಗಿ ಆಸ್ಪತ್ರೆಗಳಿಗೆ ಪರಿಚಯ. ಇದು ಯಕೃತ್ತನ್ನೇ ಹಾಳುಮಾಡುತ್ತದೆ, ಇದಕ್ಕೆ ಪ್ರತಿವಿಷ ಇಲ್ಲ. ಇದರ ಕ್ರೂರತೆ ಇರುವುದು ನಡುವಿನ ದಿನಗಳಲ್ಲಿ. ಹೊಟ್ಟೆಗೆ ಹೋದವರಿಗೆ ಮೊದಲು ವಾಂತಿ, ಉರಿ ಬರುತ್ತದೆ. ಆಮೇಲೆ ಒಂದೆರಡು ದಿನ ಎಲ್ಲ ಸರಿಹೋದಂತೆ ಕಾಣುತ್ತದೆ. ಮನೆಯವರು ಗಂಡಾಂತರ ಕಳೆಯಿತು ಎಂದು ಡಿಸ್ಚಾರ್ಜ್ ಮಾಡಿಸಿಕೊಂಡು ಹೋಗುತ್ತಾರೆ. ಕಣ್ಣು ಹಳದಿಯಾಗಿ ಮರಳಿ ಬರುವಷ್ಟರಲ್ಲಿ ಯಕೃತ್ತು ಕೈಬಿಟ್ಟಿರುತ್ತದೆ. ಟೂತ್‌ಪೇಸ್ಟಿನಂಥ ಟ್ಯೂಬಿನಲ್ಲಿ ಬರುವುದರಿಂದ ಮಕ್ಕಳ ಕೈಗೆ ಸಿಕ್ಕರೆ ಅವರು ಹಲ್ಲಿಗೇ ಹಚ್ಚಿಕೊಳ್ಳುತ್ತಾರೆ. ತಮಿಳುನಾಡು ಸರ್ಕಾರ 2023ರಲ್ಲಿ ಕೆಲವು ಕೀಟನಾಶಕಗಳನ್ನು 60 ದಿನ ತಡೆಹಿಡಿದಾಗ, 3 ಶೇಕಡಾ ಹಳದಿ ರಂಜಕದ ಇಲಿ ಪಾಷಾಣವನ್ನು ಮಾತ್ರ ಕಾಯಮ್ಮಾಗಿ ನಿಲ್ಲಿಸಲು ಹೊರಟಿತು. ನಮ್ಮಲ್ಲೂ ಅದನ್ನೇ ಮಾಡಬೇಕು.

ಸಾಯಬೇಕೆಂದವರು ಬೇರೆ ದಾರಿ ಹುಡುಕಿಕೊಳ್ಳುತ್ತಾರೆ, ನಿಷೇಧದಿಂದ ಏನು ಉಪಯೋಗ ಎಂಬ ಮಾತು ಕೇಳಿಬರುತ್ತದೆ. ಶ್ರೀಲಂಕಾದ ಅನುಭವ ಹಾಗೆ ಹೇಳುವುದಿಲ್ಲ. ಅಲ್ಲಿ 1980ರ ದಶಕದಿಂದ ಹಂತಹಂತವಾಗಿ ಅತಿ ವಿಷಕಾರಿ ಕೀಟನಾಶಕಗಳನ್ನು ತೆಗೆದುಹಾಕಿದರು. 1995ರ ನಂತರದ ಹತ್ತು ವರ್ಷಗಳಲ್ಲಿ ಆತ್ಮಹತ್ಯೆಯ ಪ್ರಮಾಣ ಅರ್ಧಕ್ಕೆ ಇಳಿಯಿತು. ದುಡುಕಿನ ಗಳಿಗೆಯಲ್ಲಿ ಕೈಗೆ ಸಿಗುವುದು ಏನು ಎನ್ನುವುದರ ಮೇಲೆ ಜೀವ ನಿಂತಿರುತ್ತದೆ. ನಿಮ್ಮ ಮನೆಯಲ್ಲೋ ಓಣಿಯಲ್ಲೋ ಯಾರಾದರೂ ಮನಸ್ಸು ಕುಗ್ಗಿ ಅಂಥ ಮಾತಾಡುತ್ತಿದ್ದರೆ ಪಾಷಾಣವನ್ನು ಮನೆಯಿಂದಲೇ ತೆಗೆಯಿರಿ, ಅವರನ್ನು ಒಂಟಿ ಬಿಡಬೇಡಿ, ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಮಕ್ಕಳ ಬಾಯಿಗೆ ಹೋದರೆ ಏನು ಮಾಡಬೇಕು ಎನ್ನುವುದನ್ನೂ ಹೇಳಿಬಿಡುತ್ತೇನೆ. ನಮ್ಮ ಕಡೆ ಕೂಡಲೇ ಹಾಲು, ತುಪ್ಪ ಕುಡಿಸುತ್ತಾರೆ, ಉಪ್ಪು ನೀರು ಕುಡಿಸಿ ವಾಂತಿ ಮಾಡಿಸುತ್ತಾರೆ. ಯಾವುದನ್ನೂ ಮಾಡಬೇಡಿ. ರಂಜಕ ಕೊಬ್ಬಿನಲ್ಲಿ ಕರಗುತ್ತದೆ, ಹಾಲು ತುಪ್ಪದ ಜೊತೆ ಇನ್ನೂ ಬೇಗ ಮೈಗೆ ಸೇರುತ್ತದೆ. ಬಾಯಿ, ಕೈ ತೊಳೆಸಿ 108ಕ್ಕೆ ಕರೆ ಮಾಡಿ. ಪೊಟ್ಟಣ ಅಥವಾ ಟ್ಯೂಬು ಜೊತೆಗೇ ಒಯ್ಯಿರಿ. ಯಾವ ವಿಷ ಎಂದು ಗೊತ್ತಾಗದೆ ವೈದ್ಯರ ಸಮಯ ಹಾಳಾಗುವುದು ತಪ್ಪುತ್ತದೆ. ಜಿಂಕ್ ಫಾಸ್ಫೈಡ್ ತಿಂದವರು ವಾಂತಿ ಮಾಡಿದರೆ ಆ ವಾಂತಿಯಿಂದಲೇ ಫಾಸ್ಫೀನ್ ಬರುತ್ತದೆ, ಕಿಟಕಿ ಬಾಗಿಲು ತೆರೆದಿಡಿ. ಆಂಬುಲೆನ್ಸಿನ ಕಿಟಕಿಯೂ ತೆರೆದಿರಲಿ. ಬಿಲ್ಲೆಯ ಒಂದು ಚೂರು ಮಗು ಬಾಯಿಗೆ ಹಾಕಿಕೊಂಡರೆ ಸಾಮಾನ್ಯವಾಗಿ ದೊಡ್ಡ ಅನಾಹುತವಾಗುವುದಿಲ್ಲ, ಆದರೂ ವೈದ್ಯರಿಗೆ ತೋರಿಸಬೇಕು. ಎರಡು ದಿನ ಬಿಟ್ಟು ರಕ್ತ ಹೆಪ್ಪುಗಟ್ಟುವ ಪರೀಕ್ಷೆ ಮಾಡಿಸಲು ಹೇಳಿದರೆ ಮಗು ಆರಾಮಿದೆ ಎಂದು ತಪ್ಪಿಸಬೇಡಿ; ಈ ವಿಷ ತಡವಾಗಿಯೇ ಗೊತ್ತಾಗುವುದು. ಮೂರು ವಿಷಗಳಲ್ಲಿ ಇದೊಂದಕ್ಕೆ ಮಾತ್ರ ಮದ್ದು ಇದೆ, ವಿಟಮಿನ್ ಕೆ1, ಅದನ್ನೂ ಕೆಲವೊಮ್ಮೆ ವಾರಗಟ್ಟಲೆ ಕೊಡಬೇಕಾಗುತ್ತದೆ. ನಾಯಿಗೂ ಇದೇ ಚಿಕಿತ್ಸೆ: ವಸಡು ಬಿಳಿಚಿಕೊಂಡು, ಕೆಮ್ಮುತ್ತಾ, ಕುಂಟುತ್ತಾ ಇದ್ದರೆ ಪಶುವೈದ್ಯರಿಗೆ ಬಿಲ್ಲೆಯ ಅನುಮಾನ ಹೇಳಿ.

ನೀವು ಕೇಳದ ನಾಲ್ಕನೆಯದೊಂದಿದೆ, ತೊಗರಿ ಚೀಲಗಳ ನಡುವೆ ಹುಳಕ್ಕೆಂದು ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆ. ಕೆಲವರು ಅದನ್ನು ಇಲಿ ಬಿಲಕ್ಕೂ ಹಾಕುತ್ತಾರೆ. ಗಾಳಿಯ ತೇವ ತಾಗಿದರೆ ಸಾಕು, ಫಾಸ್ಫೀನ್ ಹೊರಡುತ್ತದೆ. ಕಾನೂನಿನ ಪ್ರಕಾರ ಇದನ್ನು ಬಳಸಬೇಕಾದವರು ಸರ್ಕಾರಿ ಸಂಸ್ಥೆಗಳು ಮತ್ತು ತಜ್ಞರ ಉಸ್ತುವಾರಿಯಲ್ಲಿ ಕೀಟ ನಿಯಂತ್ರಣದ ಕೆಲಸ ಮಾಡುವವರು ಮಾತ್ರ. ಜನ ಮಲಗುವ ಮನೆಯಲ್ಲಿ, ಪಕ್ಕದ ಕೋಣೆಯಲ್ಲೂ ಇದು ಇರಕೂಡದು.

ಹಾಗಾದರೆ ನಿರ್ಬಂಧ ಹೇಗಿರಬೇಕು? ಇದಕ್ಕೆ ಹೊರದೇಶ ನೋಡಬೇಕಿಲ್ಲ. ಇದೇ ಅಲ್ಯೂಮಿನಿಯಂ ಫಾಸ್ಫೈಡಿನ 10 ಮತ್ತು 20 ಗುಳಿಗೆಗಳ ಟ್ಯೂಬ್ ಪ್ಯಾಕನ್ನು ಕೇಂದ್ರ ಸರ್ಕಾರ 2001ರಲ್ಲೇ ನಿಲ್ಲಿಸಿತು. ರಣಹದ್ದುಗಳನ್ನು ಕೊಲ್ಲುತ್ತಿದ್ದ ಡೈಕ್ಲೋಫೆನಾಕ್ ಅನ್ನು ದನಕರುಗಳಿಗೆ ಕೊಡುವುದನ್ನು 2006ರಲ್ಲಿ ನಿಷೇಧಿಸಿದರು. ಮನುಷ್ಯರ ಹೆಸರಲ್ಲಿ ದೊಡ್ಡ ಬಾಟಲಿ ತಂದು ಎಮ್ಮೆಗೆ ಚುಚ್ಚುವುದು ನಡೆದೇ ಇದ್ದಾಗ, 2015ರಲ್ಲಿ ಮನುಷ್ಯರ ಇಂಜೆಕ್ಷನ್ ಬಾಟಲಿಯನ್ನೇ 3 ಮಿಲಿಲೀಟರಿಗೆ ಇಳಿಸಿದರು. ಕೊನೆಗೆ ಪ್ಯಾಕಿನ ಅಳತೆ ಬದಲಿಸಬೇಕಾಯಿತು. ಇಲಿ ಪಾಷಾಣಕ್ಕೂ ಇದೇ ದಾರಿ. ಕಿರಾಣಿ ಅಂಗಡಿಯಲ್ಲಿ ಬಿಸ್ಕತ್ತಿನ ಪಕ್ಕ ಅದು ಇರಬಾರದು. ಬಿಲ್ಲೆ ಬೇಕೆಂದವರಿಗೆ ಬೀಗ ಹಾಕುವ ಪೆಟ್ಟಿಗೆಯೊಳಗೆ ಕೂಡಿಸಿದ್ದು ಮಾತ್ರ ಸಿಗಲಿ. ಕಲಬುರಗಿಯ ದಾಲ್ ಮಿಲ್ಲು, ಗೋದಾಮುಗಳ ಒಳಗೆ, ಗೋಡೆಗೆ ಬಿಗಿದು, ಯಾರು ಎಷ್ಟು ಇಟ್ಟರು, ಎಷ್ಟು ತೆಗೆದರು ಎಂಬ ಲೆಕ್ಕದೊಂದಿಗೆ. ಕೀಟನಾಶಕಗಳ 1968ರ ಕಾಯ್ದೆಯಲ್ಲಿ ಇದಕ್ಕೆಲ್ಲ ಜಾಗ ಇದೆ. ತೊಡಕು ಬೇರೆ: ಆ ಕಾಯ್ದೆ ಕೃಷಿ ಇಲಾಖೆಯ ಕಪಾಟಿನಲ್ಲಿ, ಗೂಬೆಯನ್ನು ಕಾಯುವ 1972ರ ವನ್ಯಜೀವಿ ಕಾಯ್ದೆ ಅರಣ್ಯ ಇಲಾಖೆಯ ಕಪಾಟಿನಲ್ಲಿ.

ಈಗ ತೊಗರಿ. ಎಳ್ಳಮಾಸಿಗೆ ಹೊಲಕ್ಕೆ ಹೋದಾಗ ಬಿಲ ಕಂಡು ಪಾಷಾಣ ತರುವವರು ಆರು ತಿಂಗಳು ತಡಮಾಡಿದ್ದಾರೆ. ಆ ಹೊತ್ತಿಗೆ ತೊಗರಿ ಕಾಯಿ, ಜೋಳದ ತೆನೆ ತುಂಬಿರುತ್ತದೆ. ಎದುರಿಗೆ ಹಬ್ಬದೂಟ ಇರುವಾಗ ಇಲಿ ನಿಮ್ಮ ಕಾಳಿಗೆ ಯಾಕೆ ಬರುತ್ತದೆ? ಇಲಿಯನ್ನು ಹಿಡಿಯಬೇಕಾದ ಕಾಲ ಮೇ-ಜೂನ್. ಹೊಲ ಖಾಲಿ, ತಿನ್ನಲು ಏನೂ ಇಲ್ಲ, ಸಂಖ್ಯೆಯೂ ವರ್ಷದಲ್ಲೇ ಕಡಿಮೆ. ಉಳಿದವು ಬದು, ಬಣವೆಯ ಬುಡ, ಕಾಲುವೆ ಏರಿಯಲ್ಲಿ ಗುಂಪಾಗಿ ಸೇರಿಕೊಂಡಿರುತ್ತವೆ. ಆಗ ಒಂದು ಹೆಣ್ಣು ಸತ್ತರೆ ಮಳೆಗಾಲದ ಎಷ್ಟೋ ಸಂತಾನ ತಪ್ಪಿದಂತೆ.

ಮೊದಲು ಬಿಲ ಎಣಿಸಿ. ಸಂಜೆ ಹೊಲ ಸುತ್ತಿ ಕಂಡ ಬಿಲದ ಬಾಯಿಗಳನ್ನೆಲ್ಲ ಹಸಿ ಮಣ್ಣಿನಿಂದ ಮುಚ್ಚಿ, ಪಕ್ಕದಲ್ಲಿ ಒಂದೊಂದು ಕಡ್ಡಿ ನೆಡಿ. ಬೆಳಗ್ಗೆ ಹೋಗಿ ನೋಡಿದರೆ ತೆರೆದವು ಮಾತ್ರ ಜೀವಂತ ಬಿಲ. ನೂರು ಬಾಯಿ ಕಂಡ ಕಡೆ ತೆರೆಯುವುದು ಎಷ್ಟೋ ಸಲ ತೀರಾ ಕಡಿಮೆ, ಏಕೆಂದರೆ ಒಂದೇ ಬಿಲಕ್ಕೆ ಹಲವು ಬಾಯಿ ಇರುತ್ತವೆ, ಹಳೆಯವು ಪಾಳು ಬಿದ್ದಿರುತ್ತವೆ. ಇದೊಂದು ಕೆಲಸ ಮಾಡಿದರೆ ಪಾಷಾಣದ ಖರ್ಚು ಅಲ್ಲೇ ಇಳಿಯುತ್ತದೆ. ಬಾಯಿಯ ಮುಂದೆ ಪುಡಿಮಣ್ಣಿನ ಗುಡ್ಡೆ ಹಾಕಿ ಒಳಗಿನಿಂದ ಮಣ್ಣು ಒತ್ತಿ ಮುಚ್ಚಿಕೊಂಡಿದ್ದರೆ ಅದು ಹೊಲದ ಹೆಗ್ಗಣ, ಅಗೆದರೆ ಒಳಗೆ ಕೂಡಿಟ್ಟ ತೆನೆಯೇ ಸಿಗುತ್ತದೆ. ಜೀವಂತ ಬಿಲಗಳನ್ನು ಅಗೆದು ಹಿಡಿಯುವುದು, ಹೊಗೆ ಹಾಕುವುದು, ಬಲೆ ಬೋನು ಇಡುವುದು ಹಳೆಯ ದಾರಿಗಳು, ಈಗಲೂ ಕೆಲಸ ಮಾಡುತ್ತವೆ. ಇವುಗಳಿಂದ ಆಗದಷ್ಟು ಕಾಟ ಇದ್ದರೆ ಆಗ ಕರಿ ಪುಡಿ, ಆ ಬಿಲಗಳ ಒಳಕ್ಕೆ, ಮೇಲೆ ಹೇಳಿದ ಕ್ರಮದಲ್ಲಿ, ಬಾಯಿ ಮುಚ್ಚಿ.

ತೊಗರಿ ಕಟಾವಾದ ಮೇಲೆ ಮಾಗಿ ಉಳುಮೆ ಮಾಡದೆ ಬಿಟ್ಟ ಎರೆಹೊಲ ಬೇಸಿಗೆಯಲ್ಲಿ ಮೊಳಕೈ ಆಳಕ್ಕೆ ಬಿರಿಯುತ್ತದೆ, ಆ ಬಿರುಕುಗಳು ಇಲಿಗೆ ಬಿಟ್ಟಿ ಮನೆ. ಆಳವಾಗಿ ಉತ್ತರೆ ಬಿರುಕೂ ಹೋಗುತ್ತದೆ, ಮರಿಗಳಿದ್ದ ಗೂಡೂ ಹೋಗುತ್ತದೆ. ಯಾದಗಿರಿ ಕಡೆ ಕಾಲುವೆ ಕೆಳಗೆ ಭತ್ತ ಮಾಡುವವರು ಬದುಗಳನ್ನು ಕಿರಿದು ಮಾಡಿ. ಅಗಲ ಬದುವಿನಲ್ಲೇ ಹೆಗ್ಗಣ ಸಂಸಾರ ಹೂಡುವುದು. ನಾಟಿಯನ್ನು ಒಂದು ಕಾಲುವೆಯವರೆಲ್ಲ ಹೆಚ್ಚುಕಡಿಮೆ ಒಟ್ಟಿಗೆ ಮಾಡಿದರೆ ಇಲಿಗೆ ಒಂದು ಹೊಲ ಮುಗಿದ ಮೇಲೆ ಇನ್ನೊಂದು ಎಂಬಂತೆ ತಿಂಗಳುಗಟ್ಟಲೆ ಊಟ ಸಿಗುವುದಿಲ್ಲ.

ತೊಗರಿಯ ಕಾಯಿಕೊರಕಕ್ಕೆಂದು ಹಕ್ಕಿ ಕೂರಲು ಕವಲು ಕೋಲು ನೆಡುವ ರೂಢಿ ನಮ್ಮಲ್ಲಿ ಇದ್ದೇ ಇದೆ. ಹಗಲು ಅದರ ಮೇಲೆ ಕಾಜಾಣ ಕೂತು ಹುಳ ಹಿಡಿಯುತ್ತದೆ. ಅದರಲ್ಲಿ ನಾಲ್ಕೈದನ್ನು ಆಳೆತ್ತರಕ್ಕಿಂತ ಎತ್ತರ ಮಾಡಿ, ತುದಿಗೆ ಅಡ್ಡ ಕಟ್ಟಿಗೆ ಬಿಗಿದರೆ ರಾತ್ರಿ ಗೂಬೆಗೂ ಆಗುತ್ತದೆ. ಜೋಳದ ಹೊಲದಲ್ಲಿ ಮಾತ್ರ ಕಾಳು ಹಾಲುಗಟ್ಟುವಾಗ ಕಿತ್ತುಬಿಡಿ, ಇಲ್ಲವಾದರೆ ಗುಬ್ಬಿ ಗಿಳಿಗಳಿಗೂ ಅದೇ ಕುರ್ಚಿ. ಇಸ್ರೇಲ್, ಮಲೇಷ್ಯಾಗಳಲ್ಲಿ ಹೊಲ ತೋಟಗಳಿಗೆ ಕಣಜ ಗೂಬೆಯ ಗೂಡುಪೆಟ್ಟಿಗೆಗಳನ್ನೇ ಹಾಕಿದ್ದಾರೆ. ನಮ್ಮಲ್ಲಿ ಅಷ್ಟೆಲ್ಲ ಬೇಡ. ಹಳೆ ವಾಡೆ, ಪಾಳು ಗುಮ್ಮಟ, ಪೊಟರೆ ಬಿದ್ದ ಹುಣಸೆ ಮರದಲ್ಲಿರುವ ಗೂಬೆಗೆ ಅಪಶಕುನ ಎಂದು ಕಲ್ಲು ಹೊಡೆಯದಿದ್ದರೆ ಸಾಕು. ಆದರೆ ಗೂಬೆಗೆ ಕುರ್ಚಿ ಹಾಕಿ, ಅದೇ ಹೊಲದಲ್ಲಿ ಬಿಲ್ಲೆಯನ್ನೂ ಇಡುವುದಾದರೆ ಕುರ್ಚಿ ಹಾಕದಿರುವುದೇ ವಾಸಿ.

ಮನೆಯಲ್ಲಿ ಪಾಷಾಣವೇ ಬೇಡ. ಇಲಿಮರಿಗೆ ಪೆನ್ನು ತೂರುವಷ್ಟು ಸಂದು ಸಾಕು. ಬಾಗಿಲ ಕೆಳಗಿನ ಸಂದಿಗೆ ತಗಡಿನ ಪಟ್ಟಿ ಬಡಿಯಿರಿ, ಮಾಳಿಗೆಯ ಬಿರುಕು, ಪೈಪು ತೂರಿದ ತೂತುಗಳನ್ನು ಸಿಮೆಂಟಿನಿಂದ ಮುಚ್ಚಿ. ನಮ್ಮ ಕಡೆ ಶಹಾಬಾದಿ ಫರಸಿಗೆ ಬರ ಇಲ್ಲ: ಕಾಳಿನ ಚೀಲಗಳನ್ನು ಗೋಡೆಯಿಂದ ಒಂದು ಮೊಳ ಬಿಟ್ಟು, ಕಲ್ಲಿನ ಮೇಲೆ ಫರಸಿ ಇಟ್ಟು ಎತ್ತರಿಸಿ ಜೋಡಿಸಿ, ಸುತ್ತ ಕಸ ಗುಡಿಸಲು ಬರುವಂತಿರಲಿ. ಬಣವೆಯೂ ಕಲ್ಲುಕಂಬದ ಮೇಲಿದ್ದರೆ ಒಳ್ಳೆಯದು. ಬೋನನ್ನು ಕೋಣೆಯ ನಡುವೆ ಇಡಬೇಡಿ, ಇಲಿ ಓಡುವುದು ಗೋಡೆಯ ಅಂಚಿನಲ್ಲಿ. ಎರಡು ಮೂರು ರಾತ್ರಿ ಶೇಂಗಾ ಅಥವಾ ಒಣಕೊಬ್ಬರಿ ಇಟ್ಟು, ಬೋನು ಹೂಡದೆ ಬಿಡಿ. ತಿಂದು ರೂಢಿಯಾದ ಮೇಲೆ ಹೂಡಿ. ಅಂಟಿನ ಹಲಗೆ ತರಬೇಡಿ, ಅದಕ್ಕೆ ಹಲ್ಲಿ, ಗುಬ್ಬಿಗಳೂ ಸಿಕ್ಕಿ ನರಳುತ್ತವೆ. ಮೂತಿ ಚೂಪಾಗಿ ಉದ್ದಕ್ಕಿದ್ದು, ಕೆಟ್ಟ ವಾಸನೆ ಬಿಡುತ್ತಾ ಕಿಚಕಿಚ ಎನ್ನುವ ಪ್ರಾಣಿ ಸಿಕ್ಕರೆ ಹೊರಗೆ ಬಿಟ್ಟುಬಿಡಿ. ಅದು ಸೊಂಡಿಲಿ, ಇಲಿಯ ಜಾತಿಯೇ ಅಲ್ಲ, ಜಿರಳೆ ಹುಳು ತಿಂದು ಬದುಕುವುದು.

ಇದೆಲ್ಲ ಒಬ್ಬರೇ ಮಾಡಿದರೆ ವ್ಯರ್ಥ ಎನ್ನುವುದನ್ನು ಮುಚ್ಚಿಡುವುದಿಲ್ಲ. ನಿಮ್ಮ ಹೊಲ ಖಾಲಿಯಾದರೆ ಪಕ್ಕದ ಹೊಲದ ಇಲಿ ಕೆಲವೇ ವಾರಗಳಲ್ಲಿ ಅದೇ ಬಿಲಕ್ಕೆ ಬರುತ್ತದೆ. ಬಿಲ ಮುಚ್ಚುವ ಸಂಜೆಯನ್ನು ಊರೆಲ್ಲ ಸೇರಿ ಒಂದೇ ದಿನ ಗೊತ್ತುಮಾಡಿಕೊಳ್ಳಿ. ಕೃಷಿ ವಿಜ್ಞಾನ ಕೇಂದ್ರ ಮೂರು ಜಿಲ್ಲೆಯಲ್ಲೂ ಇದೆ, ಕಲಬುರಗಿಯಲ್ಲಿ, ಬೀದರಿನಲ್ಲಿ, ಯಾದಗಿರಿ ಜಿಲ್ಲೆಯ ಕವಡಿಮಟ್ಟಿಯಲ್ಲಿ. ಗ್ರಾಮ ಪಂಚಾಯಿತಿಯಿಂದ ಮೇ ತಿಂಗಳಿಗೂ ಮೊದಲೇ ಒಂದು ಅರ್ಜಿ ಕೊಟ್ಟು ತಿಳಿದವರನ್ನು ಕರೆಸಿಕೊಳ್ಳಿ.

ಸತ್ತ ಇಲಿಗಳನ್ನು ತಿಪ್ಪೆಗುಂಡಿಗೋ ಹಳ್ಳಕ್ಕೋ ಎಸೆಯಬೇಡಿ. ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ತೆಗೆದು, ನಾಯಿ ಕೆದರದಷ್ಟು ಆಳಕ್ಕೆ ಹೂಳಿ. ಇಲಿ ಜ್ವರದ ದೃಷ್ಟಿಯಿಂದಲೂ ಬರಿಗೈ ಒಳ್ಳೆಯದಲ್ಲ. ಈಗಾಗಲೇ ಮನೆಯಲ್ಲಿರುವ ಪುಡಿ, ಬಿಲ್ಲೆ, ಪೇಸ್ಟನ್ನು ಬಾವಿ, ಚರಂಡಿ, ಒಲೆಗೆ ಹಾಕಬೇಡಿ. ಪುಡಿಗೆ ನೀರು ತಾಗಿದರೆ ಅನಿಲ ಬರುತ್ತದೆ, ಪೇಸ್ಟಿನ ರಂಜಕ ಗಾಳಿಗೆ ಒಣಗಿದರೆ ತಾನೇ ಹೊತ್ತಿಕೊಳ್ಳಬಲ್ಲದು. ಮೂಲ ಪೊಟ್ಟಣದಲ್ಲೇ ಬಿಗಿಯಾಗಿ ಮುಚ್ಚಿ, ಬೇರೆ ಡಬ್ಬಿಗೆ ಸುರಿಯದೆ, ಅಡುಗೆಮನೆಯಿಂದ ದೂರ ಬೀಗದೊಳಗಿಟ್ಟು, ರೈತ ಸಂಪರ್ಕ ಕೇಂದ್ರದವರಿಗೆ ತಿಳಿಸಿ ಅವರು ಹೇಳಿದಂತೆ ವಿಲೇವಾರಿ ಮಾಡಿ.